ಮಗುಚಿ ಹಾಕಿದ ನಕ್ಷೆ

ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಹೈದರಾಬಾದಿನ ಮಣಿಕೊಂಡದ ನನ್ನ ಮನೆಗೆ ಬಂದಿದ್ದರು. ಇಬ್ಬರೂ ವಾಸ್ತುಶಿಲ್ಪ ಓದಿದವರು, ಒಬ್ಬಳು ರಾಯಚೂರಿನವಳು. ಚಹಾ ಕುಡಿಯುತ್ತ ಅವಳು, "ಮೇಡಂ, ಸರ್ಕಾರದ ಡಿಸೈನ್ ವಿಭಾಗದೊಳಗ ಕೆಲಸ ಹ್ಯಾಂಗಿರ್ತದ್ರಿ?" ಎಂದು ಕೇಳಿದಳು. ಮನೆಗೆ ಬಂದ ಮಕ್ಕಳ ಉತ್ಸಾಹಕ್ಕೆ ಯಾಕೆ ತಣ್ಣೀರು ಎರಚಬೇಕು ಎಂದು, "ಛಲೋ ಇರ್ತೈತಿ" ಎಂದು ಹೇಳಿ ಕಳಿಸಿದೆ. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ನಿಮಗೆ ಬೇಡ. ಒಂದು ಕಟ್ಟಡದ ಕಥೆ ಕೇಳಿ, ಸಾಕು.

ಊರಿನ ಪಶ್ಚಿಮದ ಅಂಚಿನಲ್ಲಿ, ಬಂಡೆಗಳ ಗುಡ್ಡವೊಂದರ ಬುಡದಲ್ಲಿ, ರಾಷ್ಟ್ರಮಟ್ಟದ ವಸ್ತುಸಂಗ್ರಹಾಲಯ ಕಟ್ಟಬೇಕೆಂದು ತೀರ್ಮಾನವಾಯಿತು. ವಿನ್ಯಾಸದ ಹೊಣೆ ನಮ್ಮ ವಿಭಾಗಕ್ಕೆ ಬಂತು. ಆಗ ನಮ್ಮ ಮುಖ್ಯಸ್ಥರಾಗಿದ್ದವರು ಕುಲಕರ್ಣಿ ಸಾಹೇಬರು. ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕಚೇರಿಯಲ್ಲಿ ತೆಲುಗು, ಮೇಲಿನವರ ಜೊತೆ ಇಂಗ್ಲಿಷು, ನನ್ನ ಜೊತೆ ಮಾತ್ರ ಊರಿನ ಕನ್ನಡ. ಕೆಲಸದಲ್ಲಿ ಮಹಾ ಹಟಮಾರಿ. ಮೊದಲ ದಿನವೇ ನಾನು ಹಾಳೆ ಹಾಸಿಕೊಂಡು ಕೂತದ್ದನ್ನು ನೋಡಿ ಮುಖ ಸಿಂಡರಿಸಿದರು.

"ಶಾಂತಾ, ಗೀಟು ಎಳಿಯೋದು ಕಡೀಕ ಮಾಡೋಣ. ಮೊದಲ ಆ ಜಾಗಾದಾಗ ಬಿಸಲು ಹ್ಯಾಂಗ ಅಡ್ಡಾಡ್ತೈತಿ ನೋಡಿಕೊಂಡು ಬಾ."

ಕಡು ಬೇಸಿಗೆಯಲ್ಲಿ ನನ್ನನ್ನು ಆ ಬಂಡೆಗಳ ನಡುವೆ ಕೂರಿಸಿದರು. ಬೆಳಿಗ್ಗೆ ನೆರಳು ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ, ಸಂಜೆ ಯಾವ ಬಂಡೆ ಕಾವು ಬಿಡುತ್ತದೆ, ಎಲ್ಲ ಗುರುತು ಹಾಕಿಸಿದರು. ಹೈದರಾಬಾದಿನಲ್ಲಿ ಬೇಸಿಗೆಯ ಕೆಲವು ವಾರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೂ ಒಂದಿಷ್ಟು ವಾಲುತ್ತಾನೆ. ಕಾಲೇಜಿನಲ್ಲಿ ಇದನ್ನು ಓದಿ ಮರೆತಿದ್ದೆ. ಮರಳಿ ಬರುವಾಗ ತಲೆ ಸಿಡಿಯುತ್ತಿತ್ತು, ಮನಸ್ಸಿನಲ್ಲೇ ಸಾಹೇಬರನ್ನು ಬೈದುಕೊಂಡೆ. ಆದರೆ ಆ ಜಾಗದ ಬಿಸಿಲು ನನ್ನ ಮೈಗೆ ಗೊತ್ತಾಗಿ ಹೋಗಿತ್ತು.

ಸಂಗ್ರಹಾಲಯದ ಬಟ್ಟೆಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಜುಬೇದಾ ಬೇಗಂ. ಬೀದರಿನವರು. ಕನ್ನಡ ಮಾತಾಡುವವಳು ಸಿಕ್ಕಿದಳು ಎಂದು ನನ್ನನ್ನು ಬಿಡುತ್ತಲೇ ಇರಲಿಲ್ಲ. ನಾನು ಅವರನ್ನು ಅಕ್ಕನೆಂಬಂತೆ ಆಪಾ ಎನ್ನುತ್ತಿದ್ದೆ, ಅವರು ನನ್ನನ್ನು ಶಾಂತಾಬಾಯಿ ಎನ್ನುತ್ತಿದ್ದರು. ಎಣ್ಣೆಯಲ್ಲಿ ನೂಲು ನೆನೆಸಿ ನೇಯುತ್ತಿದ್ದ ಹಳೆಯ ತೇಲಿಯಾ ರುಮಾಲುಗಳು, ಹೊದೆಯುವಷ್ಟು ದೊಡ್ಡ ಚೌಕದ ಬಟ್ಟೆಗಳು, ಅವರ ಸುಪರ್ದಿಯಲ್ಲಿದ್ದವು. ಹಳೆಯ ಕಟ್ಟಡದಲ್ಲಿ ಅವನ್ನು ತೂಗುಹಾಕುವಂಥ ಜಾಗವಿಲ್ಲದೆ ಅಲ್ಮಾರಿಯಲ್ಲೇ ಇಟ್ಟಿದ್ದರು. ನೌಕರಿ ಸೇರಿದಾಗಿನಿಂದ ಆ ರುಮಾಲುಗಳನ್ನು ಒಮ್ಮೆಯಾದರೂ ಜನ ನೋಡಬೇಕು, ಆಮೇಲೆ ತಾವು ನಿವೃತ್ತರಾಗಬೇಕು ಎಂಬುದು ಅವರ ಒಂದೇ ಆಸೆ. ಒಂದು ರುಮಾಲನ್ನು ಬಿಡಿಸಿ ನಮ್ಮ ಮುಂದೆ ಹರಡಿದರು. ಅಂಥ ಕೆಂಪನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಟ್ಯೂಬ್‌ಲೈಟ್ ಹಚ್ಚಿದ್ರ ಈ ಕೆಂಪು ಸತ್ತು ಹೋಗ್ತೈತ್ರಿ" ಎಂದರು ಆಪಾ. "ಬಿಸಲಿಗೆ ಹಿಡದ್ರ ಅರಿವೀನ ಸತ್ತು ಹೋಗ್ತೈತಿ. ಬಣ್ಣ ಒಮ್ಮಿ ಹೋದ್ರ ತಿರುಗಿ ಬರಂಗಿಲ್ಲ. ಎರಡರ ನಡುವಿಂದು ಏನರೆ ಮಾಡಿಕೊಡ್ರಿ."

ಅವರು ಕೇಳಿದ್ದನ್ನು ಮಾಡಿಕೊಡುವುದಕ್ಕಾಗಿ ಸಾಹೇಬರು ಇಡೀ ಕಟ್ಟಡವನ್ನೇ ಮತ್ತೆ ಬಿಡಿಸಿದರು. ರುಮಾಲಿನ ಸಭಾಂಗಣಕ್ಕೆ ಗರಗಸದ ಹಲ್ಲಿನ ಹಾಗೆ ಸಾಲಾಗಿ ಏರಿಳಿಯುವ ಚಾವಣಿ ಯೋಚಿಸಿದರು. ಪ್ರತಿ ಹಲ್ಲಿನ ಓರೆ ಮುಖಕ್ಕೆ ಕಾಂಕ್ರೀಟು, ನೆಟ್ಟಗಿನ ಮುಖಕ್ಕೆ ಗಾಜು. ಗಾಜೆಲ್ಲ ಉತ್ತರಕ್ಕೆ. ಬೇಸಿಗೆಯ ವಾರಗಳಿಗೆಂದು ಗಾಜಿನ ಮೇಲೆ ಅಗಲವಾದ ಸಜ್ಜಾ. ಒಳಗೆ ಬಂದ ಬೆಳಕು ಓರೆಗೆ ಬಡಿದು, ಬಿಳಿ ಗೋಡೆಗೆ ಬಡಿದು, ಸುಸ್ತಾಗಿ ಬಟ್ಟೆಯ ಮೇಲೆ ಇಳಿಯಬೇಕು. ನೇರ ಬಿಸಿಲಿನ ಒಂದು ಎಳೆಯೂ ಒಳಗೆ ಬರಬಾರದು. ನಾವು ರಟ್ಟಿನ ಮಾದರಿ ಮಾಡಿ, ಒಳಗೆ ಕೆಂಪು ಬಟ್ಟೆಯ ತುಂಡು ಅಂಟಿಸಿ, ಕಚೇರಿಯ ತಾರಸಿಗೆ ಒಯ್ದೆವು. ಪಕ್ಕದಲ್ಲಿ ಒಂದು ತೂತು ಕೊರೆದು ಆಪಾಗೆ ಕಣ್ಣಿಟ್ಟು ನೋಡಲು ಹೇಳಿದೆವು. ಅವರು ಕಣ್ಣು ತೆಗೆಯಲೇ ಇಲ್ಲ. ಬಹಳ ಹೊತ್ತಾದ ಮೇಲೆ, "ಇಷ್ಟ ಸಾಕ್ರಿ, ಸಾಹೇಬರ" ಎಂದರು. ಕುಲಕರ್ಣಿ ಸಾಹೇಬರು ಆ ದಿನ ಎಲ್ಲರಿಗೂ ಬಿರಿಯಾನಿ ತರಿಸಿದರು.

ಆಮೇಲೆ ಸಾಹೇಬರು ನಿವೃತ್ತರಾದರು. ಅಲ್ಲಿಂದ ಶುರುವಾಯಿತು ನೋಡಿ.

ವಿನ್ಯಾಸ ಒಪ್ಪಿಗೆಗೆ ಒಂದು ಸಮಿತಿ ಇತ್ತು. ಅದರಲ್ಲಿದ್ದವರೆಲ್ಲ ಒಂದಲ್ಲ ಒಂದು ಊರಿನ ಸಂಗ್ರಹಾಲಯವನ್ನು ವಿದೇಶದಲ್ಲಿ ನೋಡಿ ಬಂದಿದ್ದರು, ಮೊಬೈಲಿನಲ್ಲಿ ಫೋಟೋ ಇಟ್ಟುಕೊಂಡಿದ್ದರು. ಒಬ್ಬರಿಗೆ ಗುಮ್ಮಟ ಬೇಕು. ಇನ್ನೊಬ್ಬರಿಗೆ ಕಮಾನು ಬೇಕು. ಮತ್ತೊಬ್ಬರು ಮಾದಾಪುರದ ಆಫೀಸು ಕಟ್ಟಡ ತೋರಿಸಿ, "ಎಷ್ಟು ಮಾಡರ್ನ್ ಆಗಿದೆ, ಹೀಗೆ ಫುಲ್ ಗ್ಲಾಸ್ ಮಾಡಿ" ಎಂದರು. ಸಂಗ್ರಹಾಲಯದಲ್ಲಿ ಏನು ಇಡುತ್ತೀರಿ ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ. ಪ್ರತಿ ಸಭೆಯಾದ ಮೇಲೆ ನಾವು ಹೊಸ ಮುಂಭಾಗ ಬಿಡಿಸಬೇಕು. ಗುಮ್ಮಟ ಬಂತು, ಹೋಯಿತು. ಕಮಾನು ಬಂತು, ಹೋಯಿತು. ಕಟ್ಟಡವನ್ನು ಮದುವಣಗಿತ್ತಿಯಂತೆ ದಿನಕ್ಕೊಂದು ಸೀರೆ ಉಡಿಸಿ ನಿಲ್ಲಿಸುವುದೇ ನಮ್ಮ ಕೆಲಸವಾಯಿತು. ಇಷ್ಟೆಲ್ಲ ಆದರೂ ಒಳಗಿನ ಸಭಾಂಗಣದ ತಂಟೆಗೆ ಯಾರೂ ಬರಲಿಲ್ಲವಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಬಿಡಿಸುತ್ತಿದ್ದೆ.

ಸಾಹೇಬರ ಜಾಗಕ್ಕೆ ಬಂದವರು ಪ್ರಸಾದ್ ಗಾರು. ನಯವಾಗಿ ಮಾತಾಡುವ, ಯಾರಿಗೂ ಇಲ್ಲ ಎನ್ನದ ಮನುಷ್ಯ. ಇಂಥವರ ಬಗ್ಗೆ ಎಚ್ಚರ ಇರಲಿ, ಮಕ್ಕಳೇ. ಮೇಲಿನವರಿಗೆ ಇಲ್ಲ ಎನ್ನಲಾಗದವರು ಕೆಳಗಿನವರಿಗೆ ಮಾತ್ರ ಸಲೀಸಾಗಿ ಇಲ್ಲ ಎನ್ನುತ್ತಾರೆ.

ನಮ್ಮ ನಕ್ಷೆಯಲ್ಲಿ ಹೆಬ್ಬಾಗಿಲು ದಕ್ಷಿಣಕ್ಕಿತ್ತು, ಯಾಕೆಂದರೆ ರಸ್ತೆ ದಕ್ಷಿಣಕ್ಕಿತ್ತು. ಕೊನೆಯ ಸಭೆಗಳಲ್ಲೊಂದರಲ್ಲಿ ಯಾರೋ ಅದನ್ನು ನೋಡಿ, ದಕ್ಷಿಣದ ಬಾಗಿಲು ಶುಭವಲ್ಲ ಎಂದು ಹುಯಿಲೆಬ್ಬಿಸಿದರು. ವಾಸ್ತು ನೋಡುವವರನ್ನು ಕರೆಸಿದರು. ಆ ಹಿರಿಯರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಬಾಗಿಲು ಉತ್ತರಕ್ಕಿದ್ದರೆ ಒಳ್ಳೆಯದು ಎಂದರು, ದಕ್ಷಿಣೆ ತೆಗೆದುಕೊಂಡು ಹೋದರು. ಚಾವಣಿಯ ಮಾತನ್ನೇ ಅವರು ಎತ್ತಲಿಲ್ಲ. ಬಾಗಿಲೊಂದನ್ನು ಹೇಗೆ ಸರಿಸುವುದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ, ನಾನು ರಜೆಯಲ್ಲಿದ್ದ ಒಂದು ದಿನ, ಪ್ರಸಾದ್ ಗಾರು ಸಭೆಯಲ್ಲಿ ಎದ್ದು ನಿಂತು, "ಬಾಗಿಲು ಯಾಕೆ ಸರ್, ಇಡೀ ಬಿಲ್ಡಿಂಗನ್ನೇ ತಿರುಗಿಸಿ ಕೊಡುತ್ತೇವೆ, ಸಂಜೆಯೊಳಗೆ" ಎಂದುಬಿಟ್ಟರು.

ಇದು ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ಅನಾಹುತ, ಬಿಡಿಸಿ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಕ್ಷೆಯನ್ನು ತೆಳು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬಿಡಿಸುತ್ತಿದ್ದೆವು. ದಿಕ್ಕು ಬದಲಿಸಬೇಕೆಂದರೆ ಹಾಳೆಯನ್ನು ಮಗುಚಿ, ಅದರ ಮೇಲೆ ಇನ್ನೊಂದು ಹಾಳೆ ಹಾಕಿ, ಮೊದಲಿನಿಂದ ಎಲ್ಲ ಗೀಟನ್ನೂ ಎಳೆಯಬೇಕು. ದಿನಗಟ್ಟಲೆ ಕೆಲಸ. ಬೆನ್ನು ಬಿದ್ದು ಹೋಗುತ್ತಿತ್ತು, ಆದರೆ ಒಂದೊಂದು ಗೀಟು ಎಳೆಯುವಾಗಲೂ ಇದು ಯಾಕೆ ಇಲ್ಲಿದೆ ಎಂದು ತಲೆ ಕೇಳುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಮಿರರ್ ಎಂಬ ಆಜ್ಞೆ ಇದೆ. ಒತ್ತಿದರೆ ಕಟ್ಟಡ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂರುತ್ತದೆ. ಪ್ರಸಾದ್ ಗಾರು ತಾವೇ ನಿಂತು ಒತ್ತಿಸಿದರು. ಅಕ್ಷರಗಳೆಲ್ಲ ತಲೆಕೆಳಗಾದವು, ಅವನ್ನು ಸರಿ ಮಾಡಿಸಿದರು. ಉತ್ತರ ದಿಕ್ಕಿನ ಬಾಣ ಕೆಳಕ್ಕೆ ತಿರುಗಿತ್ತು, ಅದನ್ನೂ ಮೇಲಕ್ಕೆ ಮಾಡಿಸಿದರು. ಗಾಜಿನ ಸಾಲು ಮಾತ್ರ ದಕ್ಷಿಣಕ್ಕೆ ಬಾಯಿ ತೆರೆದುಕೊಂಡು ಹಾಗೇ ಉಳಿಯಿತು.

ಕಟ್ಟಡವನ್ನು ತಿರುಗಿಸಿದರು, ಸರಿ. ಸೂರ್ಯನನ್ನು ಯಾರು ತಿರುಗಿಸಬೇಕು? ನಮ್ಮ ದಕ್ಷಿಣದ ಬಿಸಿಲು ವರ್ಷದ ಬಹುಪಾಲು ಆ ಗಾಜಿನೊಳಗೆ ನೇರ ನುಗ್ಗುತ್ತದೆ. ರಜೆ ಮುಗಿಸಿ ಬಂದು ಹಾಳೆ ನೋಡಿದ ಕೂಡಲೇ ಮೈಯೆಲ್ಲ ಉರಿದು, ನೆಟ್ಟಗೆ ಪ್ರಸಾದ್ ಗಾರು ಅವರ ಕೋಣೆಗೆ ಹೋದೆ.

"ಸರ್, ಉಳಿದದ್ದೆಲ್ಲ ಇರಲಿ, ರುಮಾಲಿನ ಸಭಾಂಗಣದ ಚಾವಣಿಯನ್ನು ಮಾತ್ರ ಮೊದಲಿನ ಹಾಗೆ ಮಾಡೋಣ. ಕೆಳಗಿನ ಗೋಡೆ, ಕಂಬ ಯಾವುದನ್ನೂ ಮುಟ್ಟಬೇಕಾಗಿಲ್ಲ. ನಾನೇ ಬಿಡಿಸಿಕೊಡುತ್ತೇನೆ."

"ಏಮಮ್ಮಾ ಶಾಂತಾ ಗಾರು," ಎಂದರು ಅವರು, ಖುರ್ಚಿ ತೋರಿಸಿ. "ಮೇಲಿನಿಂದ ಸಹಿಯಾಗಿ ಬಂದಿದೆ. ಈಗ ಬದಲಿಸಿದರೆ ಮತ್ತೆ ಸಮಿತಿಗೆ ಹೋಗಬೇಕು. ಸಮಿತಿಗೆ ಹೋದರೆ ನಾವು ತಪ್ಪು ಮಾಡಿದ್ದೇವೆ ಎಂದು ಒಪ್ಪಿಕೊಂಡ ಹಾಗೆ."

"ತಪ್ಪೇ ಆಗಿದೆಯಲ್ಲ ಸರ್."

"ನೀವು ಇನ್ನೂ ಚಿಕ್ಕ ಮಕ್ಕಳ ಹಾಗೆ ಮಾತಾಡುತ್ತೀರಿ" ಎಂದು ನಕ್ಕರು. ಆಗಲೇ ನನ್ನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು.

ಅವರಿಗೆ ಗೊತ್ತಿತ್ತು. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಗೊತ್ತಿಲ್ಲದೆ ಮಾಡಿದ್ದರೆ ನಾನು ಇಷ್ಟು ವರ್ಷ ಹೊಟ್ಟೆ ಉರಿಸಿಕೊಳ್ಳುತ್ತಿರಲಿಲ್ಲ. ಮಿರರ್ ಒತ್ತಿದ್ದು ಅವಸರದ ತಪ್ಪು, ಯಾರಿಂದಲಾದರೂ ಆಗಬಹುದು. ಆದರೆ ನಾನು ಹೇಳಿದ ಮೇಲೆ, ತಿದ್ದಲು ಒಂದು ವಾರ ಸಾಕು ಎಂದು ತೋರಿಸಿದ ಮೇಲೆ, ಮುಖ ಉಳಿಸಿಕೊಳ್ಳಲು ಸುಮ್ಮನಿದ್ದರಲ್ಲ, ಅದು ಪಾಪ. ನಾನು ಲಿಖಿತವಾಗಿಯೂ ಕೊಟ್ಟೆ. ಸ್ವೀಕರಿಸಿದ್ದೇವೆ ಎಂದು ಮೊಹರು ಬಿತ್ತು, ಅಷ್ಟೇ.

ಆಮೇಲೆ ಸಮಿತಿಗೆ ಒಂದು ಸಿನಿಮಾ ತೋರಿಸಿದರು. ಕೊಂಡಾಪುರದ ಒಂದು ಖಾಸಗಿ ಕಂಪನಿ ಕಂಪ್ಯೂಟರಿನಲ್ಲಿ ಮಾಡಿದ್ದು. ಕಟ್ಟಡದೊಳಗೆ ನಡೆದು ಹೋದ ಹಾಗೆ ಕಾಣಿಸುತ್ತದೆ. ರುಮಾಲಿನ ಸಭಾಂಗಣ ಬಂದಾಗ ಬೆಳಕು ಹಾಲಿನ ಹಾಗೆ ಸುರಿಯುತ್ತಿತ್ತು, ವಾದ್ಯಸಂಗೀತ ಬೇರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, "ಇದರಲ್ಲಿ ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ?" ಎಂದು ಕೇಳಿದೆ. ಕಂಪನಿಯ ತರುಣ ಮುಚ್ಚುಮರೆಯಿಲ್ಲದೆ, "ಎಲ್ಲಿಟ್ಟರೆ ಚೆನ್ನಾಗಿ ಕಾಣುತ್ತದೋ ಅಲ್ಲಿ ಇಟ್ಟಿದ್ದೇವೆ ಮೇಡಂ" ಎಂದ. ಸಭೆಯೆಲ್ಲ ನಕ್ಕಿತು. ನಾನೇನೋ ಜೋಕು ಹೇಳಿದೆ ಎಂದುಕೊಂಡರು ಅನ್ನಿಸುತ್ತದೆ. ಅಷ್ಟರಲ್ಲಿ ಸಮೋಸ ಬಂತು.

ಕಟ್ಟಡ ಎದ್ದಿತು. ಸೆಂಟ್ರಿಂಗ್ ಕೆಲಸದ ಮೇಸ್ತ್ರಿ ಭೀಮರಾಯ ಯಾದಗಿರಿ ಕಡೆಯವನು. ಅವನ ತಂಡದ ಹೆಂಗಸರು ಗಂಡಸರು ಎಲ್ಲ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ನಾನು ಹೋದಾಗ ಗರಗಸದ ಹಲ್ಲುಗಳಿಗೆ ಹಲಗೆ ಕಟ್ಟುತ್ತಿದ್ದರು.

"ಮೇಡಂರಿ, ಹಾಳ್ಯಾಗ ಇದ್ದಂಗ ಕಟ್ಟಾಕತ್ತೀವ್ರಿ" ಎಂದ ಭೀಮರಾಯ, ನನ್ನ ಮುಖ ನೋಡಿ. "ಏನರೆ ಎಡವಟ್ಟು ಆಗೈತೇನ್ರಿ?"

"ನಿಂದೇನೂ ಇಲ್ಲಪಾ. ಎರಡು ದಿನ ತಡಿ. ನಾ ಮತ್ತೊಮ್ಮಿ ಕೇಳಿ ನೋಡ್ತೀನಿ."

"ನೀವು ಅಂದ್ರ ತಡೀತೀನ್ರಿ. ಖರೆ, ಕಾಂಟ್ರ್ಯಾಕ್ಟರ್ ಬಾಯಿಗೆ ಬಂದಂಗ ಬೈತಾನ್ರಿ."

ಅವನು ತಡೆದ. ನಾನು ಪ್ರಸಾದ್ ಗಾರುವನ್ನು ದಾಟಿ ಮೇಲಿನವರ ಬಳಿಗೇ ಹೋದೆ. ಅವರು ಸಮಾಧಾನದಿಂದ ಕೇಳಿ, ತಲೆಯಾಡಿಸಿ, ನೋಡೋಣ ಎಂದರು. ಆ ವಾರವೇ ನನ್ನನ್ನು ಸಂಗ್ರಹಾಲಯದ ಕೆಲಸದಿಂದ ತೆಗೆದು ಹಾಸ್ಟೆಲುಗಳ ಶೌಚಾಲಯದ ನಕ್ಷೆಗೆ ಹಾಕಿದರು. ಭೀಮರಾಯನಿಗೆ ಬೈಗುಳ ಬಿತ್ತು, ಕಾಂಕ್ರೀಟು ಬಿತ್ತು, ಅಲ್ಲಿಗೆ ಮುಗಿಯಿತು. ಒಳಗೆ ಗಿಲಾವು ಮಾಡುವವರು ಮಧ್ಯಾಹ್ನದ ಹೊತ್ತು ನಿಲ್ಲಲಾರದೆ ಗಾಜಿಗೆ ಹಸಿರು ಬಲೆ ಕಟ್ಟಿಕೊಂಡರು.

ಕೆಲಸ ಮುಗಿಯುತ್ತ ಬಂದಾಗ ಜುಬೇದಾ ಆಪಾ ಸಭಾಂಗಣ ನೋಡಲು ಹೊರಟರು. ನಾನು ಜೊತೆಗೆ ಹೋದೆ. ನನ್ನ ಮಾತು ಕೇಳಿ ಅವರಿಗೆ ಎಲ್ಲ ಗೊತ್ತಿತ್ತು, ಆದರೂ ಕಣ್ಣಾರೆ ನೋಡುವವರೆಗೆ ನಂಬಿಕೆ ಬರುವುದಿಲ್ಲ ನೋಡಿ. ಅವತ್ತು ಬಲೆ ಬಿಚ್ಚಿದ್ದರು. ರುಮಾಲು ತೂಗುಹಾಕಬೇಕಾದ ಗೋಡೆಯ ಮೇಲೆ ಬಿಸಿಲು ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಆಪಾ ಒಂದು ಪಟ್ಟೆಯ ಮೇಲೆ ಅಂಗೈ ಇಟ್ಟು, ಬಿಸಿ ತಾಗಿ ತೆಗೆದುಕೊಂಡರು.

"ಶಾಂತಾಬಾಯಿ, ನಾ ಆ ತೂತಿನಾಗ ನೋಡಿದ್ದು ಇದಲ್ಲಲ್ರಿ" ಎಂದರು.

ಅವರು ನೇರ ಪ್ರಸಾದ್ ಗಾರು ಅವರ ಬಳಿ ಹೋಗಿ, ಗಾಜು ಮುಚ್ಚುವವರೆಗೆ ತಮ್ಮ ಒಂದು ರುಮಾಲೂ ಬರುವುದಿಲ್ಲ ಎಂದು ಹೇಳಿದರು. ಪ್ರಸಾದ್ ಗಾರು ಒಪ್ಪಿದರು. ಅವರು ಯಾವುದಕ್ಕೆ ಒಪ್ಪಲಿಲ್ಲ? ಪರದೆ ಹಾಕುತ್ತೇವೆ, ಗಾಜಿಗೆ ಹಾಳೆ ಅಂಟಿಸುತ್ತೇವೆ, ಎಲ್ಲವೂ ಉದ್ಘಾಟನೆ ಆದ ಮೇಲೆ ಎಂದರು. ಉದ್ಘಾಟನೆಯ ದಿನ ಹತ್ತಿರವಾದಾಗ ಆಪಾ ಅವರ ಮೇಲಧಿಕಾರಿಯಿಂದ ಆದೇಶ ಬಂತು: ಗಣ್ಯರು ಬರುತ್ತಾರೆ, ಮೂರು ದಿನದ ಮಟ್ಟಿಗೆ ರುಮಾಲುಗಳನ್ನು ಹಾಕಬೇಕು. ಹಾಕದಿದ್ದರೆ ಅಲ್ಮಾರಿಯ ಕೀಲಿಕೈ ಬೇರೆಯವರಿಗೆ ಒಪ್ಪಿಸಬೇಕು. ಬೇರೆಯವರು ಆ ಬಟ್ಟೆಯನ್ನು ಮೊಳೆ ಹೊಡೆದು ನೇತುಹಾಕಿಯಾರು ಎಂಬ ಭಯಕ್ಕೆ ಆಪಾ ತಾವೇ ಹಾಕಿದರು. ಕುಲಕರ್ಣಿ ಸಾಹೇಬರು ಹೇಳಿದ್ದೆಲ್ಲವನ್ನೂ ಕಚೇರಿಯವರು ಗಾಳಿಗೆ ತೂರಿದ್ದರು, ಒಂದನ್ನು ಬಿಟ್ಟು: ರುಮಾಲಿಗೂ ಜನರಿಗೂ ನಡುವೆ ಗಾಜಿನ ಪೆಟ್ಟಿಗೆ ಬೇಡ, ಒಂದು ಹಗ್ಗ ಸಾಕು ಎಂದಿದ್ದರು. ಅದನ್ನು ಮಾತ್ರ ತಪ್ಪದೆ ಪಾಲಿಸಿದರು.

ಮೂರು ದಿನ ಕಳೆಯಿತು. ಆಪಾ ರುಮಾಲು ಇಳಿಸಲು ಹೋದರೆ, ಹಾಕಲು ಆದೇಶವಿದೆ, ತೆಗೆಯಲು ಆದೇಶವೆಲ್ಲಿ ಎಂದು ಕಚೇರಿಯವರು ಕೇಳಿದರು. ಪ್ರದರ್ಶನಕ್ಕೆ ಇಟ್ಟ ವಸ್ತುವನ್ನು ತೆಗೆಯಲು ಸಮಿತಿಯ ಒಪ್ಪಿಗೆ ಬೇಕಂತೆ. ಸಮಿತಿಯನ್ನು ಹುಡುಕಿಕೊಂಡು ಹೋದರೆ, ಕಟ್ಟಡ ಮುಗಿಯಿತೆಂದು ಸಮಿತಿಯನ್ನೇ ಬರಖಾಸ್ತು ಮಾಡಿದ್ದರು. ಪರದೆಗೆ ಟೆಂಡರು ಕರೆದಿದ್ದಾರೆ ಎಂದರು, ಯಾರು ಕರೆದರೋ ಯಾರಿಗೆ ಕೇಳಿಸಿತೋ ದೇವರಿಗೇ ಗೊತ್ತು. ಆಪಾ ಕಚೇರಿಯಿಂದ ಕಚೇರಿಗೆ ಅಲೆದರು. ಅಲೆಯುತ್ತಲೇ ನಿವೃತ್ತಿಯ ದಿನ ಬಂತು, ಹಾರ ಹಾಕಿ ಕಳಿಸಿದರು. ನಾನೂ ಸ್ವಲ್ಪ ದಿನಕ್ಕೆ ನಿವೃತ್ತಳಾದೆ. ಪ್ರಸಾದ್ ಗಾರುವಿಗೆ ಆ ಕಟ್ಟಡಕ್ಕಾಗಿ ಒಂದು ಪ್ರಶಸ್ತಿ ಬಂತು.

ಹೋದ ಚಳಿಗಾಲದಲ್ಲಿ ಆಪಾ ಫೋನು ಮಾಡಿ, "ಒಮ್ಮಿ ಹೋಗಿ ಬರೋಣ್ರಿ, ಶಾಂತಾಬಾಯಿ" ಎಂದರು. ಟಿಕೆಟ್ ತೆಗೆದುಕೊಂಡು ಹೋದೆವು. ಚಳಿಗಾಲದಲ್ಲಿ ಬಿಸಿಲು ದಕ್ಷಿಣಕ್ಕೆ ಇನ್ನೂ ವಾಲಿರುತ್ತದೆ, ಸಭಾಂಗಣ ಬೆಳಗುತ್ತಿತ್ತು. ಕಾಲೇಜು ಹುಡುಗರು ಬೆಳಕು ಚೆನ್ನಾಗಿದೆಯೆಂದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗೋಡೆಯ ಮೇಲಿನ ಫಲಕದಲ್ಲಿ, ಗಾಢ ಕೆಂಪು ಬಣ್ಣದ ತೇಲಿಯಾ ರುಮಾಲು ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಒಬ್ಬ ತಾಯಿ ಅದನ್ನು ಓದಿ, ರುಮಾಲನ್ನು ನೋಡಿ, ಮತ್ತೆ ಓದಿ, ಪಕ್ಕದ ಗೋಡೆಯಲ್ಲಿ ಹುಡುಕತೊಡಗಿದಳು. ಅವಳ ಮುಂದಿದ್ದ ಬಟ್ಟೆ ಮಳೆಯಲ್ಲಿ ತೊಳೆದು ತೊಳೆದು ಸವೆದ ಇಟ್ಟಿಗೆಯ ಬಣ್ಣಕ್ಕಿತ್ತು.

ಆಪಾ ಹಗ್ಗ ದಾಟಿ ಹೋಗಿ ರುಮಾಲಿನ ಅಂಚನ್ನು ಮೆಲ್ಲಗೆ ಮಡಿಸಿದರು. ಹಿಂಬದಿಯಲ್ಲಿ ಆ ಕೆಂಪು ಹಾಗೇ ಇತ್ತು. ನಾನು ಮೊದಲ ಸಲ ನೋಡಿದ್ದ ಅದೇ ಕೆಂಪು. ನನಗೆ ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸಿತು.

"ಅಮ್ಮಾ, ಮುಟ್ಟಬೇಡಿ, ಹಾಳಾಗುತ್ತದೆ" ಎಂದು ಕಾವಲಿನವನು ಓಡಿ ಬಂದ.

ಆಪಾ ಭುಜದ ಮೇಲಿದ್ದ ಉಣ್ಣೆಯ ಶಾಲನ್ನು ತೆಗೆದು, ಬಿಡಿಸಿ, ರುಮಾಲು ತೂಗುಹಾಕಿದ್ದ ಕೋಲಿನ ಮೇಲಿನಿಂದ ಇಳಿಬಿಟ್ಟು ರುಮಾಲನ್ನು ಪೂರ್ತಿ ಮುಚ್ಚಿದರು. ನಾಲ್ಕು ಮೂಲೆ ಸರಿ ಮಾಡಿ, ನನ್ನ ಕೈ ಹಿಡಿದು ಹೊರಗೆ ನಡೆದರು. ಕಾವಲಿನವನು ಯಾರನ್ನು ಕರೆಯಬೇಕೆಂದು ತಿಳಿಯದೆ ನಿಂತೇ ಇದ್ದ.

ಎರಡು ದಿನದ ಮೇಲೆ ಸಂಗ್ರಹಾಲಯದ ಕಚೇರಿಯಿಂದ ಆಪಾಗೆ ಫೋನು ಬಂತು. ನಾನು ಅವರ ಮನೆಯಲ್ಲೇ ಇದ್ದೆ. ಅತ್ತ ಕಡೆಯವರು ಬಹಳ ಮರ್ಯಾದೆಯಿಂದ, "ಮೇಡಂ, ನಿಮ್ಮ ಶಾಲು ಪ್ರದರ್ಶನದ ಗೋಡೆಯ ಮೇಲಿದೆ. ಪ್ರದರ್ಶನದ ಮೇಲಿರುವುದನ್ನು ನಾವು ತೆಗೆಯಬೇಕೆಂದರೆ ಆದೇಶ ಬೇಕು. ದಯವಿಟ್ಟು ನೀವೇ ಬಂದು ತೆಗೆದುಕೊಂಡು ಹೋಗಿ" ಎಂದರು.

"ಆದೇಶ ಬರಲ್ರಿ" ಎಂದು ಆಪಾ ಫೋನಿಟ್ಟರು. ಎಷ್ಟೋ ವರ್ಷಗಳ ಮೇಲೆ ಅವರು ನಗುವುದನ್ನು ನೋಡಿದೆ.

ಆದೇಶ ಕೊಡುವವರು ಯಾರೂ ಇಲ್ಲದ್ದರಿಂದ ಶಾಲು ಇನ್ನೂ ಅಲ್ಲೇ ಇದೆ. ಆ ಗೋಡೆಯ ಮೇಲೆ ಇನ್ನೂ ಸಾಲಾಗಿ ರುಮಾಲುಗಳಿವೆ, ಎಲ್ಲದರ ಹಿಂಬದಿಯಲ್ಲೂ ಕೆಂಪು ಉಳಿದಿರಬೇಕು. ನಿನ್ನೆ ನನ್ನ ಬೀರುವಿನಿಂದ ದಪ್ಪ ಇಳಕಲ್ ಸೀರೆಗಳನ್ನೆಲ್ಲ ಹೊರಗೆ ತೆಗೆದು ಎರಡು ಚೀಲ ತುಂಬಿದೆ. ಭಾನುವಾರ ಆಪಾ ಬರುತ್ತಾರೆ. ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗುತ್ತೇವೆ.